ಗಂಟೆ ಕೇಳಿಸದವರ ಪುಟ

ಢಣ್... ಎಂದು ಒಮ್ಮೆ. ಅದು ಪೂರ್ತಿ ಆರಿದ ಮೇಲೆ ಇನ್ನೊಮ್ಮೆ. ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಸಾವಿನ ಗಂಟೆ ಹಾಗೆ. ಅದು ಗಲ್ಫಿನವರಿಗೆ ಕೇಳಿಸುವುದಿಲ್ಲವೆಂದು ಇಗರ್ಜಿಯ ವೆಬ್‌ಸೈಟಿನಲ್ಲಿ ಮರಣವಾರ್ತೆಯ ಪುಟವಿತ್ತು. ಟೀಚರ್ ಕೆಲಸದಿಂದ ರಿಟೈರ್ ಆಗಿ, ಕೊಡಿಯಾಲ್‌ಬೈಲಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದ ನಾನೇ ಅದನ್ನು ನೋಡಿಕೊಳ್ಳುತ್ತಿದ್ದೆ.

ನನ್ನ ಹಳೆಯ ಸ್ಟೂಡೆಂಟ್ ಒಬ್ಬಳು ಮಸ್ಕತ್ತಿನಲ್ಲಿ ನರ್ಸ್. ಅವಳ ತಾಯಿ ಇಲ್ಲಿ ಹಾಸಿಗೆ ಹಿಡಿದಿದ್ದರು. ಪರದೇಶದಲ್ಲಿ ಒಬ್ಬಳೇ ಇರುವವಳಿಗೆ ನಮ್ಮವರು ಫೋನಿನಲ್ಲಿ ಸಾವು ಹೇಳುವುದಿಲ್ಲ. "ಸೀರಿಯಸ್, ಬಾ" ಎನ್ನುತ್ತಾರೆ. ಹಾಗಾಗಿ ಅವಳು ವಾರ್ಡಿನ ಹಳೆಯ ಕಂಪ್ಯೂಟರಿನಲ್ಲಿ ದಿನಾ ನನ್ನ ಪುಟ ನೋಡುತ್ತಿದ್ದಳು.

"ನಿಮ್ಮ ಪೇಜ್ ಓಪನ್ ಆಗುವಾಗ ಸತ್ತವರ ಏಳನೇ ದಿನದ ಪೂಜೆಯೂ ಮುಗೀತದೆ ಮಾರಾಯ್ರೆ!" ಎಂದು ಫೋನಿನಲ್ಲಿ ಕೆಣಕಿದ್ದಳು.

ನನಗೆ ಹಟ ಬಂತು. ಬೇಗ ತೆರೆಯಲೆಂದು ಪುಟವನ್ನು ಕುಗ್ಗಿಸಿ, ಕಂಪ್ರೆಸ್ ಮಾಡಿ, ಸರ್ವರಿಗೆ ಏರಿಸಿದೆ. ನನ್ನ ಬ್ರೌಸರಿನಲ್ಲಿ ಥಟ್ಟನೆ ತೆರೆಯಿತು. ಸಾಕೆಂದುಕೊಂಡೆ.

ಮರುದಿನವೇ ಅವಳ ತಾಯಿ ತೀರಿಕೊಂಡರು. ಅಣ್ಣ ಅವಳಿಗೆ "ಸೀರಿಯಸ್" ಎಂದ. ಉಳಿದದ್ದನ್ನು ಪುಟ ಹೇಳುತ್ತದೆಂದು ಬಿಟ್ಟ. ನಾನು ಫೋಟೋ, ಮರುದಿನದ ಅಂತ್ಯಕ್ರಿಯೆಯ ಹೊತ್ತು ಎಲ್ಲ ಹಾಕಿದೆ. ಎಲ್ಲರೂ ಕಾದರು. ಅವಳು ಬರಲಿಲ್ಲ. ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸಿಯೇ ಬಿಟ್ಟರು.

ಬಂದದ್ದು ಮಾರನೆಯ ಬೆಳಿಗ್ಗೆ. ಅವಳ ಮನೆಯ ಅಂಗಳದಿಂದ ಬಾಡಿಗೆಯ ಕುರ್ಚಿಗಳನ್ನು ಟೆಂಪೋಗೆ ತುಂಬುತ್ತಿದ್ದರು.

"ಎಂತ ಟೀಚರ್, ಕುರ್ಚಿ ಯಾಕೆ? ಮಮ್ಮಿ ಯಾವ ಆಸ್ಪತ್ರೆಯಲ್ಲಿ?"

"ಪೇಜ್ ನೋಡಲಿಲ್ವಾ ನೀನು?"

"ನೋಡಿದೆ. ಬರೀ ಚೌಕ, ಪ್ರಶ್ನೆ ಚಿಹ್ನೆ. ಟೀಚರ್ ಪೇಜ್ ಹಾಳು ಮಾಡಿದ್ರು ಅಂತ ನಗಾಡಿದೆ." ಆಗ ಅವಳ ಮುಖ ಬದಲಾಯಿತು.

ಬ್ರೌಸರು ಪುಟ ಕೇಳುವಾಗಲೇ ತನಗೆ ಕಂಪ್ರೆಸ್ ಮಾಡಿದ್ದನ್ನು ಬಿಡಿಸಲು ಬರುತ್ತದೆ ಎಂದು ತಿಳಿಸುತ್ತದಂತೆ. ಹಾಗೆ ತಿಳಿಸದ, ಅವಳ ವಾರ್ಡಿನಲ್ಲಿದ್ದಂಥ ಹಳೆಯ ಬ್ರೌಸರಿಗೆ ಸರ್ವರು ಪುಟವನ್ನು ಇದ್ದ ಹಾಗೆಯೇ ಕೊಡಬೇಕು. ನಾನು ಆ ಎರಡನೆಯ ಪ್ರತಿಯನ್ನು ಇಟ್ಟಿರಲೇ ಇಲ್ಲ. ಓ ಮೈ ಗಾಡ್, ಇಷ್ಟೇ ಇಷ್ಟು!

ಏಳನೇ ದಿನದ ಪೂಜೆ ಮುಗಿಸಿ ಅವಳು ನಮ್ಮ ಮನೆಗೆ ಬಂದಳು. "ಈಗ ತೆರೀತದಾ?" ಎಂದಳು. ಸರಿಪಡಿಸಿದ ಪುಟ ತೆರೆದೆ. 'ಸಂಜೆ ನಾಲ್ಕಕ್ಕೆ ಮನೆಯಿಂದ ಹೊರಡುವುದು' ಎಂಬ ಸಾಲನ್ನು ಬೆರಳಿಟ್ಟು ಓದಿದಳು.

"ಅಣ್ಣ ಫೋನ್ ಮಾಡಿದ ರಾತ್ರಿಯ ಫ್ಲೈಟಲ್ಲೇ ಸೀಟು ಇತ್ತು ಟೀಚರ್. ಸೀರಿಯಸ್ ಅಷ್ಟೇ ಅಂತ ಮರುದಿನದ್ದು ಹಿಡಿದೆ," ಎಂದಳು ಮೆಲ್ಲಗೆ.

ಚಹಾ ಮುಟ್ಟಲಿಲ್ಲ. ಗೇಟಿನ ಚಿಲಕ ಜಾಗ್ರತೆಯಿಂದ ಹಾಕಿ ಹೋದಳು. ನಾನು ಅವಳನ್ನು ಕೊನೆಯದಾಗಿ ನೋಡಿದ್ದು ಆಗಲೇ.