ಆಷಾಢದ ನಾಲ್ಕು ಭಾನುವಾರ

ಗೆಳೆಯರೇ, ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಮದುವೆಯಾಗಿ ಕೆಲವು ತಿಂಗಳಿಗೆ ಇಂಗ್ಲೆಂಡಿಗೆ ಹೋಗಿ ಅಲ್ಲಿ ನರ್ಸ್ ಆಗಿರುವ ಗಂಡನ ಬಳಿಗೆ ಹೋಗಲು ವೀಸಾ ಅರ್ಜಿ ತುಂಬಿಸಬೇಕಿತ್ತು. ಅಮ್ಮನ ಜೊತೆ ಚನ್ನಪಟ್ಟಣದ ಏಜೆಂಟ್ ಅಂಗಡಿಗೆ ಹೋಗಿದ್ದೆ.

ಏಜೆಂಟ್ ಟೈಪ್ ಮಾಡುತ್ತಾ ಕೇಳಿದ, "ಮದ್ವೆಯಾದ ಮೂರೇ ವಾರಕ್ಕೆ ಒಂದ್ ತಿಂಗ್ಳು ಬೇರೆ ಇದ್ರಲ್ಲಕ್ಕ, ಜಗಳ ಅಂತ ಹಾಕ್ಲಾ?"

ಅಮ್ಮನಿಗೆ ರೇಗಿತು. "ಜಗಳ ಯಾಕಪ್ಪ ಆಯ್ತದೆ? ಆಷಾಢ ಕಣಪ್ಪ. ಅತ್ತೆ ಸೊಸೆ ಒಂದೇ ಹೊಸ್ಲು ದಾಟಂಗಿಲ್ಲ ಅಂತ ನಾವೇ ನಮ್ಮೂರು ದೊಡ್ಡಮಳೂರಿಗೆ ಕರ್ಕಂಡ್ ಬಂದಿದ್ವಿ."

"ಆಷಾಢ ಅಂದ್ರೆ ಅವರ್ಗೇನ್ ಗೊತ್ತಾಯ್ತದಮ್ಮ? ಅನುಮಾನ ಬಂದ್ರೆ ಅರ್ಜಿ ವಾಪಸ್ ಕಳುಸ್ತಾರೆ. ಆ ತಿಂಗ್ಳು ಇಬ್ರೂ ಒಟ್ಟಿಗಿದ್ದ ಫೋಟೊ ಐತಾ?"

"ಎಲ್ಲಿಂದ ಬತ್ತದೆ? ಒಬ್ರ ಮಕ ಒಬ್ರು ನೋಡಿಲ್ಲ," ಎಂದಳು ಅಮ್ಮ.

ನನ್ನ ಫೋನಿನಲ್ಲಿ ನಾಲ್ಕಿದ್ದವು. ನಾಲ್ಕು ಭಾನುವಾರ ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನಲ್ಲಿ ತೆಗೆದವು. ಆಗ ಮನೆಯಲ್ಲಿ ಟೈಲರಿಂಗ್ ಕ್ಲಾಸ್ ಎಂದು ಹೇಳಿ ಹೋಗುತ್ತಿದ್ದೆ. ವೀಸಾ ಬೇಕೋ ಮಾನ ಬೇಕೋ ಎಂದು ಫೋನನ್ನು ಹತ್ತು ಸಲ ಬ್ಯಾಗಿನಿಂದ ತೆಗೆದು ಮತ್ತೆ ಒಳಗಿಟ್ಟೆ. ಕೊನೆಗೆ ತೋರಿಸಿಯೇಬಿಟ್ಟೆ.

ಅಮ್ಮ ಕನ್ನಡಕ ಏರಿಸಿ ನಾಲ್ಕನ್ನೂ ನಿಧಾನವಾಗಿ ನೋಡಿದಳು. "ಅದ್ಕೇಯ, ತಿಂಗ್ಳೆಲ್ಲ ಕ್ಲಾಸಿಗೆ ಹೋದ್ರೂ ಒಂದ್ ಬ್ಲೌಸ್ ಹೊಲ್ಯಕ್ ಬರ್ಲಿಲ್ಲ ನಿಂಗೆ," ಎಂದು ಏಜೆಂಟನ ಕಡೆ ತಿರುಗಿದಳು. "ಹಾಕಪ್ಪ, ನಾಲ್ಕೂ ಹಾಕು."

ನಾವು ಆಷಾಢ ಮುರಿದದ್ದು ಈಗ ಇಂಗ್ಲೆಂಡ್ ಸರ್ಕಾರಕ್ಕೆ ಗೊತ್ತು. ನಮ್ಮತ್ತೆಗೆ ಇನ್ನೂ ಗೊತ್ತಿಲ್ಲ. ಫ್ರೆಂಡ್ಸ್ ಲಿಸ್ಟಿನಲ್ಲಿರುವ ನನ್ನ ನಾದಿನಿ ದಯವಿಟ್ಟು ಲೈಕ್ ಒತ್ತದೆ ಮುಂದೆ ಹೋಗಲಿ.