ಎಪ್ಪತ್ತು ದಿನಾರಿನ ಶ್ರೀಮಂತ

ಎಂಬತ್ತರ ದಶಕದ ಆರಂಭದಲ್ಲಿ ನಾನು ಬಹರೈನಿನ ಮನಾಮದಲ್ಲಿ ಒಂದು ಆಫೀಸಿನ ಟೈಪಿಸ್ಟ್. ಶುಕ್ರವಾರ ರಜೆ, ಅಂದು ನಮ್ಮ ಕರಾವಳಿಯವರ ಸಂಘದ ವಿದ್ಯಾರ್ಥಿನಿಧಿಗೆ ಸಂಬಳವಿಲ್ಲದ ಗುಮಾಸ್ತ. ಗುದೈಬಿಯಾ ಬಡಾವಣೆಯ ಹೋಟೆಲೊಂದರ ಮಾಳಿಗೆಯಲ್ಲಿ ಸಭೆ. ಸಭೆ ಮುಗಿದ ಮೇಲೆ ಎಲ್ಲರ ದನಿ ಅನುಕರಿಸಿ ನಗಿಸುವುದು ನನ್ನ ಇನ್ನೊಂದು ಹುದ್ದೆ. ಬಾಸ್ ಎದುರು ಮುರಿದು ಬೀಳುವ ನನ್ನ ಇಂಗ್ಲಿಷನ್ನೂ ನಾನು ಬಿಟ್ಟವನಲ್ಲ.

ನಿಧಿ ಇದ್ದದ್ದು ಬಹರೈನಿನಲ್ಲಿರುವ ನಮ್ಮವರಿಗೆ ಮತ್ತು ಅವರ ಮಕ್ಕಳಿಗೆ. ಊರಿನ ಕಾಲೇಜಿನ ಫೀಸು, ಹಾಸ್ಟೆಲ್ ಖರ್ಚು ಕೊಡುತ್ತಿದ್ದೆವು. ಹಿಂದಿನ ವರ್ಷದ ಮಾಸಿಕ ಆದಾಯವನ್ನು ಮನೆಯ ತಲೆಗಳಿಂದ ಭಾಗಿಸಿದಾಗ ಮೂವತ್ತು ದಿನಾರಿಗಿಂತ ಕಡಿಮೆ ಬರಬೇಕು. ನೂರ ಮೂವತ್ತು ದಿನಾರ್ ದುಡಿಯುವ ಒಬ್ಬ ಡ್ರೈವರ್ ಮನೆಯಲ್ಲಿ ಆರು ತಲೆ. ಅವರ ಮಗನಿಗೆ ಸಿಕ್ಕಿತು.

ಆಮೇಲೆ ಹಮೀದ್ ಬಂದ. ಕೋಲ್ಡ್ ಸ್ಟೋರ್ ಎಂದು ನಾವು ಕರೆಯುವ ಕಿರಾಣಿ ಅಂಗಡಿಯ ಕೌಂಟರಿನವನು. ತಂದೆ ತಾಯಿ ಇಲ್ಲ. ಮಂಗಳೂರಿನಲ್ಲಿ ಬಿಕಾಂ ಓದುವ ಆಸೆ. ಸಂಬಳ ಎಪ್ಪತ್ತು ದಿನಾರ್, ತಲೆ ಒಂದು.

"ನೀನು ಶ್ರೀಮಂತ ಮಾರಾಯ," ಎಂದೆ ನಾನು.

"ಕಾಲೇಜಿಗೆ ಹೋದರೆ ಸಂಬಳ ಎಲ್ಲಿ ಉಂಟು?" ಎಂದು ಅವನು ಸಮಿತಿಯನ್ನು ಕೇಳಿದ.

ಅಧ್ಯಕ್ಷ ಹಾಜಿಯವರು ಬಟ್ಟೆ ವ್ಯಾಪಾರಿ, ಮೆದು ಮನಸ್ಸಿನವರು. "ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋಗು ಮಗಾ. ಬರುವ ವರ್ಷ ನಿನ್ನ ಆದಾಯ ಸೊನ್ನೆ. ಆಗ ಅರ್ಜಿ ಹಾಕು, ನಾನಿದ್ದೇನೆ," ಎಂದರು. ಎಲ್ಲರೂ ತಲೆಯಾಡಿಸಿದರು. ಹಮೀದ್ ಹೋದ.

ಮರುವರ್ಷ ಊರಿನಿಂದ ಅವನ ಅರ್ಜಿ ಬಂತು. ಆದಾಯ ಸೊನ್ನೆ. ಖಜಾಂಚಿ ಕನ್ನಡಕ ಸರಿಮಾಡಿಕೊಂಡು, "ಇವ ಈಗ ಬಹರೈನಿನಲ್ಲಿ ಇಲ್ಲವಲ್ಲ. ನಮ್ಮ ನಿಧಿಗೆ ಸೇರುವುದಿಲ್ಲ," ಎಂದು ಅದನ್ನು ಬದಿಗಿಟ್ಟರು. ಹಾಜಿಯವರು ಚಹಾ ಕುಡಿಯುತ್ತಿದ್ದರು.

ನಾನು ಹಾಜಿಯವರ ದನಿಯಲ್ಲೇ ಹೇಳಿದೆ: "ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋಗು ಮಗಾ. ನಾನಿದ್ದೇನೆ."

ಯಾರೂ ನಗಲಿಲ್ಲ. ಹಾಜಿಯವರು ಲೋಟ ಕೆಳಗಿಟ್ಟರು. "ನಾನು ಹೇಳಿದ್ದು ಹೌದು," ಎಂದರು. ಆಸರೆಗೆ ಯಾರೂ ಇಲ್ಲದವರಿಗೆ ಕಳೆದ ವರ್ಷದ ಸಂಬಳವಲ್ಲ, ಕಾಲೇಜು ಸೇರಿದ ಮೇಲೆ ಉಳಿಯುವ ಆದಾಯ ನೋಡಬೇಕು, ಅವರು ಎಲ್ಲಿದ್ದರೂ ಸರಿ ಎಂದು ಅಂದೇ ನಿಯಮ ಬದಲಾಯಿತು. ಹಮೀದನಿಗೆ ಬ್ಯಾಂಕ್ ಡ್ರಾಫ್ಟ್ ಹೋಯಿತು.

ಅದು ಹಿಂದಕ್ಕೆ ಬಂತು. ಉತ್ತರಕ್ಕೆ ಕಾದು ಕಾದು ಅವನು ಯಾವುದೋ ಹಡಗಿನ ಅಡುಗೆಮನೆ ಸೇರಿ ಹೋಗಿದ್ದನಂತೆ. ಯಾವ ಹಡಗು, ಯಾವ ಬಂದರು, ನೆರೆಮನೆಯವರಿಗೂ ತಿಳಿಯದು.

ಒಬ್ಬಂಟಿಯ ಸಂಬಳವೆಂದರೆ ಅವನ ಆಸ್ತಿಯಲ್ಲ, ಅವನು ನಿಂತಿರುವ ನೆಲ ಎಂದು ಆ ನಿಧಿಯ ಕೆಲಸ ನನಗೆ ಕಲಿಸಿತು. ಈಗ ಅರ್ಜಿ ತರುವ ಒಬ್ಬಂಟಿಗಳನ್ನು ಮೊದಲು ಕೇಳುತ್ತೇನೆ: "ಕೆಲಸ ಬಿಟ್ಟ ಮರುದಿನ ಊಟ ಎಲ್ಲಿ?" ಎದುರಿದ್ದವರು ಬಾಯಿ ತೆರೆಯುವ ಮೊದಲೇ ಹಮೀದ್ "ಎಲ್ಲಿ ಉಂಟು?" ಎಂದ ಹಾಗಾಗಿ, ನಾನು ಬಾಗಿಲ ಕಡೆ ನೋಡುತ್ತೇನೆ.