ಅಮಾವಾಸ್ಯೆಯ ಫುಟ್‌ಬಾಲು

ನಾನು ಜನ್ಮದಲ್ಲಿ ಒಂದು ಫುಟ್‌ಬಾಲನ್ನೂ ಒದ್ದವನಲ್ಲ. ಒಂದು ಸಲ ಅದು ತಾನಾಗಿಯೇ ನನ್ನ ಕಡೆಗೆ ಉರುಳಿ ಬಂದಾಗ, ಪಂಚೆ ಎತ್ತಿಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟುಕೊಟ್ಟೆ. ನೋಡುತ್ತಿದ್ದವರು ನಕ್ಕರು. ಹೀಗಿದ್ದೂ ದೊಡ್ಡಬಳ್ಳಾಪುರದ ನಮ್ಮ ಪೇಟೆಯ ಫುಟ್‌ಬಾಲ್ ಕ್ಲಬ್ಬಿಗೆ ನಾನೇ ಕಾರ್ಯದರ್ಶಿ. ಯುದ್ಧ ನಡೆಯುತ್ತಿದ್ದ ಆ ವರ್ಷಗಳಲ್ಲಿ ಇಂಗ್ಲಿಷಿನಲ್ಲಿ ಕಾಗದ ಬರೆಯಬಲ್ಲವರು ನಮ್ಮ ಬೀದಿಯಲ್ಲಿ ನಾಲ್ಕೈದು ಜನರಿದ್ದರು. ಅವರಲ್ಲಿ ಸಂಜೆ ಹೊತ್ತು ಬೇರೆ ಕೆಲಸವಿಲ್ಲದವನು ಮಿಡ್ಲ್ ಸ್ಕೂಲ್ ಮೇಷ್ಟ್ರಾದ ನಾನೊಬ್ಬನೇ.

ನಮ್ಮದು ನೇಕಾರರ ಊರು. ಬೆಳಗಾದರೆ ಮನೆಮನೆಯಲ್ಲೂ ಮಗ್ಗದ ಸದ್ದು. ಆಟಗಾರರೂ ನೇಕಾರರೇ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ದಿನವಿಡೀ ಮಗ್ಗ ತುಳಿಯುವ ಆ ಕಾಲುಗಳಿಗೆ ಬೂಟು ಬೇಕಿರಲಿಲ್ಲ. ಬೆಂಗಳೂರಿನಿಂದ ಬೂಟು ಹಾಕಿಕೊಂಡು ಬಂದವರು ನಮ್ಮವರ ಬರಿಗಾಲಿಗೆ ತಾಗಿ ಕುಂಟಿಕೊಂಡು ರೈಲು ಹತ್ತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನೇಕಾರನಿಗೆ ಭಾನುವಾರ ಗೊತ್ತಿಲ್ಲ. ಭಾನುವಾರ ಎಂಬುದು ಕಚೇರಿಯವರ ಹಬ್ಬ. ಬಿಳಿಯರು ದೇವರ ಹೆಸರಿನಲ್ಲಿ ಅದನ್ನು ತಂದರು, ನಮ್ಮ ಗುಮಾಸ್ತರು ದೇವರನ್ನು ಬಿಟ್ಟು ರಜೆಯನ್ನು ಮಾತ್ರ ಇಟ್ಟುಕೊಂಡರು. ನೇಕಾರನ ರಜೆ ಚಂದ್ರನ ಲೆಕ್ಕದ್ದು. ಅಮಾವಾಸ್ಯೆಯ ದಿನ ಮಗ್ಗಕ್ಕೆ ಕೈ ಹಾಕುವಂತಿಲ್ಲ. ಬೆಳಗ್ಗೆ ಮಗ್ಗವನ್ನು ಒರೆಸಿ, ಕುಂಕುಮವಿಟ್ಟು, ಊದುಬತ್ತಿ ಬೆಳಗಿ ಕೈಮುಗಿದರೆ ಆಯಿತು, ಮಧ್ಯಾಹ್ನದಿಂದ ಇಡೀ ಊರಿನ ಕಾಲುಗಳು ಬಿಡುವಾಗುತ್ತಿದ್ದವು. ಆದ್ದರಿಂದ ನಮ್ಮ ಪಂದ್ಯಗಳೆಲ್ಲ ಅಮಾವಾಸ್ಯೆಗೇ. ಹೊರಗಿನ ತಂಡಗಳಿಗೆ ನಾನು ಕಾಗದ ಬರೆಯುವಾಗ ಪಂಚಾಂಗ ಪಕ್ಕದಲ್ಲಿಟ್ಟುಕೊಂಡೇ ಕೂರುತ್ತಿದ್ದೆ. ಪ್ರಪಂಚದಲ್ಲಿ ಪಂಚಾಂಗ ನೋಡಿ ಫುಟ್‌ಬಾಲ್ ಆಡಿಸಿದ ಕಾರ್ಯದರ್ಶಿ ಇನ್ನೊಬ್ಬನಿದ್ದರೆ ಅವನನ್ನು ಕಂಡು ಮಾತಾಡಿಸುವ ಆಸೆ ನನಗಿದೆ.

ಆ ದಿನ ಕೆರೆಯಂಗಳದ ಆಚೆ ಬಯಲಿಗೆ ಊರೇ ಬರುತ್ತಿತ್ತು. ರಾಜಘಟ್ಟದವರು ನಡೆದು ಬರುತ್ತಿದ್ದರು, ಸಾಸಲಿನವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಸ್ಟೇಷನ್ನಿನಿಂದ ಬಯಲಿಗೆ ಜಟಕಾದವರಿಗೆ ಬಿಡುವಿಲ್ಲ. ಹೋಟೆಲಿನಲ್ಲಿ ಇಡ್ಲಿ ಎರಡನೆಯ ಸಲ ಬೇಯುತ್ತಿತ್ತು. ಯುದ್ಧದಿಂದಾಗಿ ರಬ್ಬರ್ ಸಿಗದೆ, ನಮ್ಮ ಚೆಂಡಿನ ಒಳಗಿನ ಬ್ಲಾಡರಿಗೆ ತೇಪೆಯ ಮೇಲೆ ತೇಪೆ ಹಾಕಿ ಸೈಕಲ್ ಶಾಪಿನವನೂ ಊರಿಗೆ ಬೇಕಾದ ಮನುಷ್ಯನಾಗಿಬಿಟ್ಟಿದ್ದ. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಉತ್ಪತ್ತಿ, ವಿನಿಮಯ, ವಿತರಣೆ ಎಂದು ಅಧ್ಯಾಯಗಳಿರುತ್ತವೆ. ಗಾಳಿ ತುಂಬಿದ ಒಂದು ಚರ್ಮದ ಉಂಡೆ ಒಂದು ಮಧ್ಯಾಹ್ನದಲ್ಲಿ ಈ ಮೂರನ್ನೂ ಮಾಡಿ ತೋರಿಸುವುದನ್ನು ಆ ಪುಸ್ತಕ ಬರೆದವರು ಯಾರೂ ನೋಡಿದಂತೆ ಕಾಣೆ.

ಆದರೆ ನಾನು ಹೇಳಹೊರಟಿದ್ದು ಮುನಿಯಮ್ಮನ ವಿಷಯ. ಮುನಿಯಮ್ಮ ನೇಯುವವಳಲ್ಲ. ಮಗ್ಗದ ಲಾಳಿಯೊಳಗೆ ಕೂರುವ ಪುಟ್ಟ ಕಂಡಿಕೆಗಳಿಗೆ ರಾಟೆಯಲ್ಲಿ ನೂಲು ಸುತ್ತಿಕೊಡುವವಳು. ಮಗ್ಗ ನಿಂತ ದಿನ ಅವಳ ರಾಟೆಯೂ ನಿಲ್ಲುತ್ತದೆ. ನೇಕಾರನಿಗೆ ಅದು ರಜೆ, ಸುತ್ತುವವಳಿಗೆ ಬರಿಗೈ. ಆ ಬರಿಗೈ ದಿನವನ್ನು ಫುಟ್‌ಬಾಲು ತುಂಬಿಕೊಟ್ಟಿತ್ತು. ಬಯಲಿನ ಅಂಚಿನ ಹೊಂಗೆ ಮರದ ಕೆಳಗೆ ಮಂಕರಿ ಇಟ್ಟುಕೊಂಡು ಅವಳು ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು, ಅವರೆಯ ಸೊಗಡಿನ ಕಾಲದಲ್ಲಿ ಅವರೆಕಾಳಿನ ಉಸಲಿ. ಆಟ ಮುಗಿಯುವ ಮೊದಲೇ ಮಂಕರಿ ಖಾಲಿ.

"ಇಷ್ಟು ಕಷ್ಟ ಯಾಕೆ ಪಡ್ತೀಯ, ಅಮಾಸೆ ಒಂದಿನ ಸುಮ್ನೆ ಮಲಗಬಾರ್ದಾ?" ಎಂದು ಒಮ್ಮೆ ಕೇಳಿದ್ದೆ, ದೊಡ್ಡ ಉಪಕಾರ ಮಾಡುವವನ ಹಾಗೆ.

"ಉಳಿದ ದಿನವೆಲ್ಲ ಈ ಕೈ ಸಾವ್ಕಾರ್ರುದು ಮೇಷ್ಟ್ರೇ. ಅವರ ನೂಲು, ಅವರ ಮಾತು. ಅಮಾಸೆ ಒಂದಿನ ನಂದು. ನನ್ ಕಡ್ಲೆಕಾಯಿ, ನನ್ ಬಾಯಿ," ಎಂದಳು. ಬಾಯಿಯ ವಿಷಯ ನಿಜ. ಆಟ ಕೆಟ್ಟರೆ ಎರಡೂ ತಂಡಗಳನ್ನು ಅವಳು ಹೆಸರು ಹಿಡಿದು ಬೈಯುತ್ತಿದ್ದಳು.

ಹೀಗಿರುವಾಗ ನಮಗೆ ಹೊಸ ಅಧ್ಯಕ್ಷರು ಬಂದರು. ಬೆಂಗಳೂರಿನ ದಂಡಿನ ಕುದುರೆಗಳಿಗೆ ಹುಲ್ಲು ಸರಬರಾಜು ಮಾಡಿ ಮೇಲೆ ಬಂದ ಕಂಟ್ರಾಕ್ಟರು. ದಂಡಿನಲ್ಲಿ ಸೋಲ್ಜರುಗಳ ಆಟ ನೋಡಿ ಬಂದಿದ್ದರು. ಮೊದಲ ಮೀಟಿಂಗಿನಲ್ಲೇ, "ಈ ಕ್ಲಬ್ಬಿನಿಂದ ಊರಿಗೆ ಏನು ಉಪಯೋಗ ಆಗಿದೆ, ಹೇಳಿ ನೋಡೋಣ?" ಎಂದರು. ಕಣ್ಣೆದುರಿಗೆ ತಿಂಗಳು ತಿಂಗಳೂ ನಡೆಯುತ್ತಿದ್ದದ್ದನ್ನು ಉಪಯೋಗ ಎಂದು ಕರೆಯಬಹುದೆಂದು ನಮಗೇ ಹೊಳೆಯಲಿಲ್ಲ. ನಾನಂತೂ ಪೆನ್ಸಿಲ್ ಚೂಪು ಮಾಡುತ್ತಾ ಕೂತಿದ್ದೆ.

ಅವರು ಊರನ್ನು ಉದ್ಧಾರ ಮಾಡಲು ಹೊರಟರು. ಇನ್ನು ಮುಂದೆ ಪಂದ್ಯ ಪಟ್ಟಣದ ಹಾಗೆ ಭಾನುವಾರ. ಬಯಲಿನ ಸುತ್ತ ಬಿದಿರು ತಡಿಕೆ, ಒಂದು ಗೇಟು, ಟಿಕೆಟ್ಟು. ಒಳಗೆ ಟೀ ತಿಂಡಿ ಮಾರುವ ಹಕ್ಕು ಒಬ್ಬರಿಗೆ ಮಾತ್ರ. ಆ ಒಬ್ಬರು ಅಧ್ಯಕ್ಷರ ಭಾವಮೈದ ಎಂಬುದು ಆಮೇಲೆ ತಿಳಿಯಿತು. ಕಮಿಟಿಯಲ್ಲಿ ಕೂತಿದ್ದವರೆಲ್ಲ ನೇಕಾರರ ಮಕ್ಕಳು, ನೇಕಾರರ ಅಳಿಯಂದಿರು. ಭಾನುವಾರ ಎಂದಾಗ ಒಬ್ಬನಿಗಾದರೂ ತನ್ನ ಮನೆಯ ಮಗ್ಗ ನೆನಪಾಗಬಾರದೇ? ಪಟ್ಟಣದ ಹೆಸರು ಕೇಳಿ ಎಲ್ಲರಿಗೂ ಮಂಕು ಕವಿದಿತ್ತು. ಆ ರೆಸಲ್ಯೂಷನ್ನನ್ನು ಇಂಗ್ಲಿಷಿನಲ್ಲಿ ಬರೆದವನು ನಾನು. ಹೊರಗಿನವರು ಏನನ್ನೂ ಮಾರಕೂಡದು ಎಂದು ಅವರು ಹೇಳಿದ್ದಿಷ್ಟೇ. 'ಕಟ್ಟುನಿಟ್ಟಾಗಿ' ಎನ್ನುವ ಅರ್ಥದ ಮಾತನ್ನು ನಾನೇ ಸೇರಿಸಿದೆ, ವಾಕ್ಯಕ್ಕೆ ತೂಕ ಬರಲಿ ಎಂದು. ಆ ಕೈಯನ್ನು ಈಗ ನೆನೆದರೂ ಬೆತ್ತದಿಂದ ಬಾರಿಸಬೇಕೆನಿಸುತ್ತದೆ. ಇಷ್ಟು ವರ್ಷ ಬೇರೆಯವರ ಮಕ್ಕಳ ಕೈಗೆ ಬಾರಿಸಿದವನು ನಾನು.

ಮೊದಲ ಭಾನುವಾರ ಬಂತು. ಬೆಂಗಳೂರಿನಿಂದ ಹನ್ನೊಂದು ಜನ ಆಟಗಾರರು ಇಳಿದರು. ನಮ್ಮ ಕಡೆಯಿಂದ ಬಂದವರು ಆರು ಜನ. ಉಳಿದವರು ಸೋಮವಾರ ಸಾವ್ಕಾರರಿಗೆ ಸೀರೆ ಒಪ್ಪಿಸಬೇಕಾದವರು, ಗುಂಡಿಯಿಂದ ಮೇಲೇಳುವಂತಿರಲಿಲ್ಲ. ಹೊಸ ತಡಿಕೆಯೊಳಗೆ ಅಧ್ಯಕ್ಷರು, ಅವರ ಭಾವಮೈದನ ಟೀ ಹಂಡೆ, ಬೆಂಚುಗಳು, ನಾನು. ಬಯಲಿಗೆ ಕೇಳಿಸುತ್ತಿದ್ದದ್ದು ಊರಿನ ಮಗ್ಗಗಳ ಸದ್ದೊಂದೇ. ಎಷ್ಟು ಗೋಲು ತಿಂದೆವೆಂದು ನಾನು ಬರೆದುಕೊಳ್ಳಲಿಲ್ಲ.

ಸೋಲು ಹಾಳಾಗಲಿ. ಮುಂದಿನ ಅಮಾವಾಸ್ಯೆಯ ಮಧ್ಯಾಹ್ನ ನಾನು ಅಭ್ಯಾಸಬಲದಿಂದ ಬಯಲಿನ ಕಡೆ ನಡೆದೆ. ಗೇಟಿಗೆ ಬೀಗ. ಹೊಂಗೆ ಮರ ತಡಿಕೆಯ ಒಳಗೆ ಸೇರಿಹೋಗಿತ್ತು. ಮುನಿಯಮ್ಮ ಹೊರಗೆ ಬಿಸಿಲಿನಲ್ಲಿ ಮಂಕರಿ ಇಟ್ಟುಕೊಂಡು ಕೂತಿದ್ದಳು. ಮಂಕರಿಯ ತುಂಬ ಕಡಲೆಕಾಯಿ, ಮುಂದೆ ಒಂದು ನರಪಿಳ್ಳೆಯೂ ಇಲ್ಲ.

"ಇವತ್ತು ಆಟ ಇಲ್ಲ ಅಂತ ಯಾರೂ ಹೇಳ್ಲಿಲ್ವಾ?" ಎಂದೆ.

"ಹೇಳಿದ್ರು. ನಂಬಕ್ಕಾಗ್ಲಿಲ್ಲ."

"ಭಾನುವಾರ ಬಾ. ಅಧ್ಯಕ್ಷರಿಗೆ ಹೇಳಿ ಒಳಗೆ ಜಾಗ ಕೊಡಿಸ್ತೀನಿ."

ಅವಳು ನನ್ನನ್ನು ದಡ್ಡ ಹುಡುಗನನ್ನು ನೋಡುವ ಹಾಗೆ ನೋಡಿದಳು. "ಭಾನ್ವಾರ ನಾನ್ ಬಂದ್ರೆ ಕಂಡಿಕೆ ಯಾರ್ ಸುತ್ತೋರು? ನಂದು ಅಂತ ಇದ್ದ ಆಟಾನೂ ಸಾವ್ಕಾರ್ರ ದಿನಕ್ಕೇ ಕೊಟ್ಬಿಟ್ರಲ್ಲ ಮೇಷ್ಟ್ರೇ."

ಕೊಟ್ಟವನು ನಾನೇ. ಕಟ್ಟುನಿಟ್ಟಾಗಿ ಕೊಟ್ಟಿದ್ದೆ. ಅಲ್ಲಿಂದ ನೆಟ್ಟಗೆ ಅಧ್ಯಕ್ಷರ ಮನೆಗೆ ಹೋದೆ. ಜೊತೆಗೆ ನಮ್ಮ ಕ್ಯಾಪ್ಟನ್ ಹನುಮಂತನನ್ನೂ ಕರೆದುಕೊಂಡೆ. ಅವನು ಮಗ್ಗದ ಮುಂದೆ ಎಷ್ಟು ಮೌನಿಯೋ ಬಯಲಿನಲ್ಲಿ ಅಷ್ಟೇ ಮೌನಿ. ಆದರೂ ಅವತ್ತು ಬಾಯಿಬಿಟ್ಟು ಹೇಳಿದ: "ಸ್ವಾಮಿ, ಭಾನ್ವಾರ ನಮ್ ಕೈಲಿ ಬರಕ್ಕಾಗಲ್ಲ."

ಅಧ್ಯಕ್ಷರು ಎಲೆಯಡಿಕೆ ಹಾಕಿಕೊಳ್ಳುತ್ತಾ ನಕ್ಕರು. "ಬರದಿದ್ರೆ ಬೇಡ ಬಿಡಪ್ಪಾ. ಬೆಂಗಳೂರಿಂದ ಆಟಗಾರರನ್ನೇ ಕರೆಸ್ತೀನಿ. ಕ್ಲಬ್ ನಿಲ್ಲಬಾರ್ದು, ನೋಡು."

ಆ ಮಾತು ಕೇಳಿ ನನಗೆ ಬಂದ ಸಿಟ್ಟನ್ನು ಇವತ್ತಿಗೂ ಇಳಿಸಿಕೊಳ್ಳಲಾಗಿಲ್ಲ. ಆಡುವವರು ಬೆಂಗಳೂರಿನವರು, ಟೀ ಭಾವಮೈದನದು, ನೋಡುವವರು ಯಾರೂ ಇಲ್ಲ, ಕ್ಲಬ್ಬು ಮಾತ್ರ ನಮ್ಮದು! ಊರಿಲ್ಲದ ಊರಿನ ಅಭಿವೃದ್ಧಿ ಮಾಡುವವರನ್ನು ನಾನು ಅಲ್ಲಿಯೇ ಮೊದಲು ಕಂಡದ್ದು. ಆಮೇಲೆ ಬೇಕಾದಷ್ಟು ಜನರನ್ನು ಕಂಡಿದ್ದೇನೆ, ಆದರೆ ಮೊದಲ ಸಿಟ್ಟಿನ ರುಚಿಯೇ ಬೇರೆ. ನಾನು ಮಾತಾಡದೆ ಎದ್ದು ಬಂದೆ. ಮಾತಾಡಿದ್ದರೆ ಸ್ಕೂಲಿನಲ್ಲಿ ಹುಡುಗರಿಗೆ ಆಡಬೇಡಿ ಎನ್ನುವ ಮಾತುಗಳನ್ನೆಲ್ಲ ಆಡಬೇಕಾಗುತ್ತಿತ್ತು.

ಕ್ಲಬ್ಬಿಗಿದ್ದದ್ದು ಒಂದೇ ಚೆಂಡು, ಅದು ಕಾರ್ಯದರ್ಶಿಯ ಮನೆಯಲ್ಲಿರಬೇಕೆಂಬುದು ಕ್ಲಬ್ಬಿನದೇ ನಿಯಮ. ಮುಂದಿನ ಅಮಾವಾಸ್ಯೆಯ ಹಿಂದಿನ ದಿನ ಹನುಮಂತ ಬಾಗಿಲಲ್ಲಿ ಬಂದು ನಿಂತ. ಏನೂ ಕೇಳಲಿಲ್ಲ. ನಾನು ಒಳಗಿನಿಂದ ಚೆಂಡನ್ನು ತಂದು ಅವನ ಕೈಗಿಟ್ಟೆ. ಸಂಜೆ ಅಧ್ಯಕ್ಷರ ಆಳು ಚೆಂಡು ಕೇಳಿಕೊಂಡು ಬಂದಾಗ, ಅದು ಪ್ರವಾಸದಲ್ಲಿದೆ ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಕ್ಲಬ್ಬಿಗಾಗಿ ನಾನು ಬರೆದ ಕಾಗದಗಳಲ್ಲಿ ನನಗೆ ಸಂತೋಷ ಕೊಟ್ಟದ್ದು ಅದೊಂದೇ.

ಅಮಾವಾಸ್ಯೆಯ ಮಧ್ಯಾಹ್ನ ತಡಿಕೆಯ ಹೊರಗೆ, ಕೆರೆಯ ಕಡೆಗೆ ಇಳಿಜಾರಾಗಿದ್ದ ಹಾಳು ನೆಲದಲ್ಲಿ ಆಟ ಶುರುವಾಯಿತು. ಕಲ್ಲು ಜೋಡಿಸಿ ಗೋಲು ಗುರುತು ಮಾಡಿದ್ದರು. ಚೆಂಡು ಒದ್ದಾಗಲೆಲ್ಲ ಕೆರೆಯ ಕಡೆಗೇ ಉರುಳುತ್ತಿತ್ತು, ಮೇಲಿನ ತಂಡಕ್ಕೆ ಸುಗ್ಗಿ, ಕೆಳಗಿನವರಿಗೆ ಗೋಳು. ಆದರೆ ಊರೆಲ್ಲ ಬಂದಿತ್ತು. ಜಟಕಾದವರು ಬಂದಿದ್ದರು, ಸಾಸಲಿನ ಗಾಡಿಗಳು ಬಂದಿದ್ದವು. ನನ್ನ ಕೈಗೆ ಯಾರೋ ಸೀಟಿ ಕೊಟ್ಟರು. ಯಾವಾಗ ಊದಬೇಕೆಂದು ಗೊತ್ತಿಲ್ಲದೆ, ಜನ ಕೂಗಿದಾಗಲೆಲ್ಲ ಊದಿದೆ.

ಅರ್ಧ ಆಟದ ಬಿಡುವಿನಲ್ಲಿ ಮುನಿಯಮ್ಮನ ಹತ್ತಿರ ಹೋದೆ. ಮಂಕರಿಯ ತಳ ಕಾಣುತ್ತಿತ್ತು. ಕೆಳಗಿನ ತಂಡವನ್ನು ಬೈದೂ ಬೈದೂ ಅವಳ ಗಂಟಲು ಕಟ್ಟಿತ್ತು.

"ಮೇಷ್ಟ್ರೇ, ಅದು ಪ್ರೆಸಿಡೆಂಟ್ರ ಕ್ಲಬ್ಬು," ಎಂದು ತಡಿಕೆಯ ಕಡೆ ಕೈ ತೋರಿಸಿದಳು. "ಹಂಗಾದ್ರೆ ಇದು ಯಾವ ಕ್ಲಬ್ಬು?"

ಎಷ್ಟಾದರೂ ನಾನು ಕಾರ್ಯದರ್ಶಿಯಲ್ಲವೇ? ಜೇಬಿನಿಂದ ಪೆನ್ಸಿಲ್ ತೆಗೆದು, "ಇದಕ್ಕೂ ಒಂದು ಹೆಸರು ಇಡ್ಬೇಕು," ಎಂದೆ.

"ಅಯ್ಯೋ, ಬ್ಯಾಡ ಸುಮ್ನಿರಿ," ಎಂದಳು ಮುನಿಯಮ್ಮ. "ಹೆಸರಿಟ್ರೆ ಇದಕ್ಕೂ ಒಬ್ಬ ಪ್ರೆಸಿಡೆಂಟ್ರು ಬಂದ್ಬಿಡ್ತಾರೆ."